ಕೋವಿಯ ದುರ್ಬೀನು ಅಗ್ಗವಾದ ಬಗೆ

ಲಂಡನ್ ಮಹಾನಗರದ ವಾಯವ್ಯ ದಿಕ್ಕಿನಲ್ಲಿರುವ ಕ್ವೀನ್ಸ್‌ಬರಿಯೆಂಬ ಉಪನಗರಕ್ಕೆ ಪುರಾತನವೆಂದು ಹೇಳಿಕೊಳ್ಳಬಹುದಾದ ಚರಿತ್ರೆ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಅದರ ನೆರೆಯ ಕಿಂಗ್ಸ್‌ಬರಿಯು ಹನ್ನೊಂದನೆಯ ಶತಮಾನದ ಡೂಮ್ಸ್‌ಡೇ ಕಡತದಲ್ಲಿಯೇ ನಮೂದಾಗಿರುವ ಗ್ರಾಮ. ಕ್ವೀನ್ಸ್‌ಬರಿಯಾದರೋ, 1934ನೆಯ ಇಸವಿಯ ಡಿಸೆಂಬರ್ 16ರಂದು ಸ್ಟ್ಯಾನ್‌ಮೋರಿಗೆ ಹೋಗುವ ಮೆಟ್ರೊಪಾಲಿಟನ್ ರೈಲುದಾರಿಯಲ್ಲಿ ಹೊಸ ನಿಲ್ದಾಣವೊಂದು ತೆರೆದಾಗ, ಅದಕ್ಕೊಂದು ಹೆಸರು ಬೇಕೆಂದು ನಡೆಸಿದ ಪತ್ರಿಕಾಸ್ಪರ್ಧೆಯಲ್ಲಿ, ರಾಜನಿಗೊಂದು ಊರಿರುವಾಗ ರಾಣಿಗೂ ಒಂದಿರಲೆಂಬ ಧಾಟಿಯಲ್ಲಿ ಹುಟ್ಟಿಕೊಂಡದ್ದು. ಅದೇ ವರ್ಷ ಪಕ್ಕದ ಸ್ಟ್ಯಾಗ್ ಲೇನ್ ವಿಮಾನಾಂಗಣವು ಮುಚ್ಚಿಹೋಗಿ, ಡಿ ಹ್ಯಾವಿಲೆಂಡರ ಮಾತ್ ವಿಮಾನವು 1925ರಲ್ಲಿ ಮೊದಲು ಮೇಲಕ್ಕೆದ್ದ ಆ ನೆಲವು ಮನೆಗಳ ಸಾಲುಗಳಿಗೆ ಎಡೆಗೊಟ್ಟಿತು. ಅಂದಿನಿಂದೀಚೆಗೆ ನಿಲ್ದಾಣವು 1939ರಲ್ಲಿ ಬೇಕರ್ಲೂ ಮಾರ್ಗಕ್ಕೂ 1979ರಲ್ಲಿ ಜೂಬಿಲಿ ಮಾರ್ಗಕ್ಕೂ ಕೈಬದಲಾಗಿದೆಯೆಂಬುದನ್ನು ಬಿಟ್ಟರೆ, ಊರಿನ ವೃತ್ತಾಂತದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ.

ಆದರೆ ಈ ನಿಲ್ದಾಣವನ್ನು ಕೇಂದ್ರವಾಗಿರಿಸಿಕೊಂಡು ಹದಿಮೂರು ಮೈಲಿಯ ತ್ರಿಜ್ಯದ ವೃತ್ತವೊಂದನ್ನು ಭೂಪಟದ ಮೇಲೆ ಎಳೆದರೆ, ಕೋವಿಯ ಮೇಲೆ ಕೂರಿಸುವ ದುರ್ಬೀನಿನ ಕಥೆಯ ಮುಖ್ಯ ಘಟ್ಟಗಳಲ್ಲಿ ಬಹುಪಾಲು ಆ ವೃತ್ತದೊಳಗೆ ಬಂದುಬಿಡುತ್ತವೆ. ಮಸೂರಗಳನ್ನು ಉಜ್ಜುತ್ತಿದ್ದ ಹಾಲ್ಬರ್ನ್ ಮತ್ತು ಸ್ಟ್ರಾಂಡ್ ಬೀದಿಗಳ ಅಂಗಡಿಗಳು, ಬಾರ್ನೆಟ್ಟಿನ ವಾಟ್ಸನ್ ಕಾರ್ಖಾನೆ, ಈಲಿಂಗಿನ ಆಟ್ವೇ, ವಿಲ್ಸ್‌ಡನ್ನಿನ ಡಾಲ್‌ಮೇಯರ್, ಹ್ಯಾರೋ ರಸ್ತೆಯ ಹಾಲೆಂಡ್ ಅಂಡ್ ಹಾಲೆಂಡ್ ಬಂದೂಕಿನ ಕಾರ್ಖಾನೆ, ಎನ್‌ಫೀಲ್ಡಿನ ಸರಕಾರಿ ಆಯುಧಶಾಲೆ, ಎಲ್ಲವೂ ಇಲ್ಲಿಂದ ಒಂದು ದಿನದ ನಡಿಗೆಯೊಳಗಿನವು. ಇಂದು ಮಧ್ಯಮವರ್ಗದ ಗೃಹಸ್ಥನೊಬ್ಬನು ತನ್ನ ಗಾಳಿಕೋವಿಗೋ ಬೇಟೆಯ ರೈಫಲಿಗೋ, ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ವರ್ಧನೆಯನ್ನು ಬದಲಿಸಬಲ್ಲ ಸ್ಕೋಪೊಂದನ್ನು ಕೆಲವು ದಿನಗಳ ಕೂಲಿಗೆ ಸಮನಾದ ಬೆಲೆಗೆ ಕೊಳ್ಳುವನಷ್ಟೆ; ಆ ಸೌಲಭ್ಯವು ಆತನ ಕೈಗೆ ಬಂದ ದಾರಿಯನ್ನು ಹುಡುಕುತ್ತ ಹೋದರೆ, ದೃಗ್ವಿಜ್ಞಾನಕ್ಕಿಂತಲೂ ಗಾಜಿನ ಬೆಲೆಯೇ ಈ ಚರಿತ್ರೆಯನ್ನು ಹೆಚ್ಚಾಗಿ ನಡೆಸಿತೆಂಬುದು ನನ್ನ ಅಭಿಪ್ರಾಯ.

ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಒಳ್ಳೆಯ ದೂರದರ್ಶಕವೆಂದರೆ ಬಹು ಉದ್ದನೆಯ ಕೊಳವೆಯೆಂದೇ ಅರ್ಥ. ಒಂದೇ ಗಾಜಿನ ಮಸೂರವು ಬೆಳಕನ್ನು ಒಡೆದು, ಬಿಂಬದ ಅಂಚಿಗೆ ಕೆಂಪು ನೀಲಿಗಳ ಝಾಲರಿಯನ್ನು ಕಟ್ಟುತ್ತಿದ್ದುದರಿಂದ, ಆ ದೋಷವನ್ನು ತಗ್ಗಿಸಲು ಕೊಳವೆಯನ್ನು ಉದ್ದಮಾಡುವುದರ ಹೊರತು ಬೇರೆ ಉಪಾಯವಿರಲಿಲ್ಲ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ವರ್ಣದೋಷವನ್ನು ಕಳೆಯಬಹುದೆಂಬುದನ್ನು ಚೆಸ್ಟರ್ ಮೂರ್ ಹಾಲ್ ಎಂಬ ವಕೀಲನು 1733ರ ಸುಮಾರಿಗೇ ಕಂಡುಕೊಂಡಿದ್ದರೂ ಅವನು ಅದನ್ನು ವ್ಯಾಪಾರಕ್ಕೆ ತರಲಿಲ್ಲ. 1758ರಲ್ಲಿ ಅದಕ್ಕೆ ಏಕಸ್ವಾಮ್ಯದ ಸನ್ನದು ಪಡೆದವನು ಸ್ಪಿಟಲ್‌ಫೀಲ್ಡ್ಸಿನಲ್ಲಿ ರೇಷ್ಮೆ ನೇಯುತ್ತಿದ್ದ ಜಾನ್ ಡಾಲಂಡ್. ತಂದೆಯ ಮರಣಾನಂತರ ಮಗನಾದ ಪೀಟರ್ ಡಾಲಂಡನು ಸಹವ್ಯಾಪಾರಿಗಳ ಮೇಲೆ ದಾವೆ ಹೂಡಿ, ಕಂಡುಹಿಡಿದು ಪೆಟ್ಟಿಗೆಯಲ್ಲಿಟ್ಟವನಿಗಿಂತ ಲೋಕಕ್ಕೆ ಕೊಟ್ಟವನೇ ಫಲಕ್ಕೆ ಅರ್ಹನೆಂಬ ತೀರ್ಪನ್ನು ಪಡೆದನು. ತೀರ್ಪು ನ್ಯಾಯವಾದುದೇ ಇರಬಹುದು; ಆದರೆ ಕೊಳ್ಳುವವನ ಕಣ್ಣಿನಿಂದ ನೋಡಿದರೆ ಸನ್ನದಿನ ಹದಿನಾಲ್ಕು ವರ್ಷಗಳೂ ದುಬಾರಿಯ ವರ್ಷಗಳೇ. ಇದು ಸಾಲದೆಂಬಂತೆ, 1740ರ ದಶಕದಲ್ಲಿ ಸರಕಾರವು ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಹೇರಿದ ಸುಂಕವು ನೂರು ವರ್ಷ ಮುಂದುವರಿದು 1845ರಲ್ಲಿ ತೊಲಗಿತು. ಈ ಅವಧಿಯಲ್ಲಿ ಕುಲುಮೆಯ ಬಳಿ ಸುಂಕದ ಅಧಿಕಾರಿಯೇ ಕುಳಿತಿರುತ್ತಿದ್ದುದರಿಂದ, ಹತ್ತು ಸಲ ಕರಗಿಸಿ ಕೆಡಿಸಿ ಹನ್ನೊಂದನೆಯ ಸಲ ನಿರ್ಮಲವಾದ ಗಾಜನ್ನು ಪಡೆಯುವ ಪ್ರಯೋಗಶೀಲತೆಯು ಇಂಗ್ಲೆಂಡಿನಲ್ಲಿ ಬತ್ತಿತು. ಆ ವಿದ್ಯೆಯಾವತ್ತೂ ಬವೇರಿಯಾದ ಫ್ರೌನ್‌ಹೋಫರನ ಕಡೆಗೆ ಹರಿದುಹೋಯಿತು.

ಈ ದುಬಾರಿಯ ಕಾಲದಲ್ಲಿಯೇ ನಮ್ಮ ಕಥೆಯ ಅತ್ಯಂತ ರಸಿಕನಾದ ವ್ಯಕ್ತಿಯು ಕಾಣಿಸಿಕೊಳ್ಳುತ್ತಾನೆ. ಡಾಕ್ಟರ್ ವಿಲಿಯಂ ಕಿಚನರ್ ಎಂಬ ಈತನು ಕಲ್ಲಿದ್ದಲ ವರ್ತಕನ ಮಗ. ಪಿತ್ರಾರ್ಜಿತವಾದ ಐಶ್ವರ್ಯವು ಧಾರಾಳವಾಗಿದ್ದುದರಿಂದ ವೈದ್ಯವೃತ್ತಿಯ ಗೊಡವೆಗೆ ಹೋಗದೆ, ವಾರೆನ್ ಬೀದಿಯ ತನ್ನ ಮನೆಯಲ್ಲಿ ಸ್ನೇಹಿತರಿಗೆ ತಾನೇ ಪಾಕಮಾಡಿ ಬಡಿಸುತ್ತ, 1817ರಲ್ಲಿ ಆ ಅನುಭವವನ್ನು ಬಹುಪ್ರಸಿದ್ಧವಾದ ಪಾಕಶಾಸ್ತ್ರದ ಗ್ರಂಥವೊಂದನ್ನಾಗಿ ಪ್ರಕಟಿಸಿದನು. ಅಡಿಗೆಯ ಮೇಲಿದ್ದ ವ್ಯಾಮೋಹದಷ್ಟೇ ಉತ್ಕಟವಾದ ಇನ್ನೊಂದು ವ್ಯಾಮೋಹ ಅವನಿಗೆ ದುರ್ಬೀನುಗಳ ಮೇಲೆ ಇತ್ತು. 1825ರಲ್ಲಿ ಅವನು ಹೊರತಂದ ಕಣ್ಣಿನ ಮಿತವ್ಯಯವನ್ನು ಕುರಿತ ಪುಸ್ತಕದ ಎರಡನೆಯ ಭಾಗವು, ಮೂವತ್ತು ವರ್ಷಗಳಲ್ಲಿ ಐವತ್ತೊಂದು ದೂರದರ್ಶಕಗಳನ್ನಿಟ್ಟುಕೊಂಡು ತಾನು ಮಾಡಿದ ಪರೀಕ್ಷೆಗಳ ಫಲವೆಂದು ಮುಖಪುಟದಲ್ಲಿಯೇ ಸಾರುತ್ತದೆ. ಐವತ್ತೊಂದನ್ನು ಕೊಂಡವನು ಮಿತವ್ಯಯವನ್ನು ಬೋಧಿಸುವುದೆಂತೆಂದು ಓದುಗರಿಗೆ ನಗೆ ಬಂದರೆ ತಪ್ಪಿಲ್ಲ. ಆದರೂ ಕೊಂಡು ಕೈಸುಟ್ಟುಕೊಂಡವನ ಮಾತಿಗೆ ಒಂದು ತೂಕ ಉಂಟು.

ಆ ಕಾಲದ ದೂರದರ್ಶಕದಲ್ಲಿ ವರ್ಧನೆಯನ್ನು ಬದಲಿಸಬೇಕಾದರೆ ಕಣ್ಣಿನ ಕಡೆಯ ತುಂಡನ್ನೇ ತೆಗೆದು ಬೇರೊಂದನ್ನು ಕೂಡಿಸಬೇಕಾಗಿತ್ತು, ತುಂಡೊಂದಕ್ಕೆ ಬೆಲೆಯೊಂದು. ಕಿಚನರನು ಪ್ಯಾಂಕ್ರಾಟಿಕ್ ಎಂದು ಹೆಸರಿಟ್ಟು ಡಾಲಂಡರ ಅಂಗಡಿಯಲ್ಲಿ ಮಾಡಿಸಿದ ನೇತ್ರನಾಳವು ಈ ವೆಚ್ಚವನ್ನು ಒಂದೇ ಏಟಿಗೆ ಕತ್ತರಿಸಿತು. ತಲೆಕೆಳಗಾದ ಬಿಂಬವನ್ನು ನೆಟ್ಟಗೆ ಮಾಡುವುದಕ್ಕೆಂದು ಒಳಗಿರುವ ಎರಡು ಜೊತೆ ಮಸೂರಗಳ ನಡುವಣ ಅಂತರವನ್ನು, ಕೊಳವೆಯನ್ನು ಎಳೆದು ಹೆಚ್ಚಿಸಿದರೆ ವರ್ಧನೆ ಹೆಚ್ಚುತ್ತದೆ, ತಳ್ಳಿ ಕುಗ್ಗಿಸಿದರೆ ಇಳಿಯುತ್ತದೆ: ಇಷ್ಟೇ ಅದರ ಮರ್ಮ. ಇದು ತನ್ನದೇ ಕಲ್ಪನೆಯೆಂದೂ 1813ರ ತನ್ನ ಗ್ರಂಥದಲ್ಲಿಯೇ ಅದನ್ನು ವಿವರಿಸಿರುವೆನೆಂದೂ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ಜಗಳ ತೆಗೆದನು. ವಿದ್ವಾಂಸರ ವ್ಯಾಜ್ಯವು ಅವರಿಗೇ ಇರಲಿ. ಇಂದಿನ ಬದಲಾಗುವ ವರ್ಧನೆಯ ಸ್ಕೋಪಿನಲ್ಲಿ ಉಂಗುರವನ್ನು ತಿರುಗಿಸಿದಾಗ, ಒಳಕೊಳವೆಯ ಓರೆಗಾಡಿಗಳಲ್ಲಿ ಹಿಂದುಮುಂದಾಗಿ ಜಾರುವ ಮಸೂರಗಳು ನೆರವೇರಿಸುವುದು ಅದೇ ಕೆಲಸವನ್ನು. ಭೇದವಿಷ್ಟೇ, ಕಿಚನರನ ನಾಳವು ಉದ್ದವಾಗುತ್ತಿತ್ತು, ಕೋವಿಯ ಮೇಲಿನ ಸ್ಕೋಪು ಹೊರಗಿನಿಂದ ಉದ್ದವಾಗಕೂಡದು.

ಕೋವಿಯ ಮೇಲೆ ದುರ್ಬೀನನ್ನು ಏರಿಸಿದವರಲ್ಲಿ ನಮ್ಮ ದೇಶದ ಸಂಬಂಧವುಳ್ಳವನು ಮುಂಬಯಿ ಸೈನ್ಯದ ಲೆಫ್ಟಿನೆಂಟ್ ಕರ್ನಲ್ ಡೇವಿಡ್ ಡೇವಿಡ್ಸನ್. ನಳಿಗೆಯ ಎಡಮಗ್ಗುಲಿಗೆ ಬಂಧಿಸುವಂತೆ ಅವನು ರಚಿಸಿದ ತೆಳ್ಳನೆಯ ದೂರದರ್ಶಕವು 1860ರ ದಶಕದಲ್ಲಿ ವಿಟ್‌ವರ್ತ್ ರೈಫಲುಗಳ ಮೇಲೇರಿ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರ ಕೈಗೂ ಸೇರಿತು. ಕನ್ನಡನಾಡಿನಲ್ಲಿ ಮಾತ್ರ ಅಂಥ ಸಾಧನಕ್ಕೆ ನೆಲೆ ದೊರೆಯಲಿಲ್ಲ. ಹಣವಿಲ್ಲದಿರುವುದೊಂದೇ ಅದಕ್ಕೆ ಕಾರಣವೆಂದು ತಿಳಿಯಬಾರದು. ಮಲೆನಾಡಿನ ಸೋವಿನ ಬೇಟೆಯಲ್ಲಿ ಮಿಗವು ಪೊದೆಯಿಂದ ಚಿಮ್ಮಿ ಇಪ್ಪತ್ತು ಮೂವತ್ತು ಮಾರುಗಳೊಳಗೆ ಹಾದುಹೋಗುವುದು, ಮರಸಿನಲ್ಲಿ ಕುಳಿತವನಿಗೆ ಕತ್ತಲೆಯಲ್ಲಿ ನೆರಳೊಂದು ಅಲುಗುವುದು. ತೋಟೆಕೋವಿಯ ಚರೆಯ ಹರವನ್ನೂ ತನ್ನ ತೋಳಿನ ಅಭ್ಯಾಸವನ್ನೂ ನಂಬಿ ಆ ಕ್ಷಣಾರ್ಧದಲ್ಲಿ ಈಡು ಹೊಡೆಯುವವನಿಗೆ, ಕಣ್ಣಿಟ್ಟು ಬಿಂಬವನ್ನು ಹುಡುಕಬೇಕಾದ ಕೊಳವೆಯು ಅಡ್ಡಿಯೇ ಸರಿ. ಕೊಡಗಿನಲ್ಲಿ ಇಂದಿಗೂ ಸೆಪ್ಟೆಂಬರ್ 3ರ ಕೈಲ್ ಪೊಳ್ದಿನಂದು ಮನೆಯ ಕೋವಿಯನ್ನು ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವರು, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುವುದು; 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ಮುಗಿಸಿದ ಮೇಲೆ ಆ ನಾಡಿನ ಗುರಿವಿದ್ಯೆಯು ಬಹುಮಟ್ಟಿಗೆ ಈ ಕಾಯಿಯ ಮೇಲೆಯೇ ಉಳಿದುಕೊಂಡಿದೆ.

1914ರ ಮಹಾಯುದ್ಧವು ಲಂಡನ್ನಿನ ಮಸೂರದ ವ್ಯಾಪಾರಿಗಳ ಬಂಡವಾಳವನ್ನು ಬಯಲಿಗೆಳೆಯಿತು. ಇಂಗ್ಲೆಂಡು ಬಳಸುತ್ತಿದ್ದ ದೃಗ್ಗಾಜಿನಲ್ಲಿ ಸುಮಾರು 60 ಪಾಲು ಜರ್ಮನಿಯಿಂದಲೂ 30 ಪಾಲು ಫ್ರಾನ್ಸಿನಿಂದಲೂ ಬರುತ್ತಿದ್ದು, ಸ್ವದೇಶದ ಚಾನ್ಸ್ ಸಹೋದರರ ಕಾರ್ಖಾನೆಯು ಮಿಕ್ಕ 10 ಪಾಲನ್ನು ಮಾತ್ರ ಒದಗಿಸುತ್ತಿತ್ತು. ಸುಂಕದ ಪಾಪಫಲವು ಎಪ್ಪತ್ತು ವರ್ಷಗಳ ತರುವಾಯ ಹೀಗೆ ಪಕ್ವವಾಯಿತು. ಒಂದು ಕಾಲಕ್ಕೆ ಮದರಾಸು ಸೈನ್ಯದ ದಂಡನಾಯಕನಾಗಿದ್ದ ವೃದ್ಧ ಲಾರ್ಡ್ ರಾಬರ್ಟ್ಸನು, ಮನೆಯಲ್ಲಿರುವ ಬೈನಾಕ್ಯುಲರುಗಳನ್ನೂ ದುರ್ಬೀನುಗಳನ್ನೂ ಸೈನ್ಯಕ್ಕೆ ಎರವಲು ಕೊಡಿರೆಂದು ಪ್ರಜೆಗಳನ್ನು ಬೇಡಬೇಕಾಯಿತು. ಕಂದಕಗಳ ಆಚೆ ಜರ್ಮನ್ ಗುರಿಕಾರರು ಬೇಟೆಯ ಸ್ಕೋಪುಗಳನ್ನು ಹಚ್ಚಿಕೊಂಡು ಕುಳಿತಿರಲು, ಈಚೆಯವರಿಗೆ ದೊರಕಿದ ಅತ್ಯಗ್ಗದ ಸಾಧನವೆಂದರೆ ಗೆಲಿಲಿಯನ್ ಮಾದರಿಯ ಗುರಿ: ನಳಿಗೆಯ ತುದಿಗೊಂದು ಮಸೂರ, ಕಣ್ಣಿನ ಬಳಿ ಇನ್ನೊಂದು, ನಡುವೆ ಕೊಳವೆಯೇ ಇಲ್ಲ. ಬೆಲೆಯೇನೋ ಕಡಿಮೆ, ಆದರೆ ಕಾಣುವ ಕ್ಷೇತ್ರವು ಅತಿ ಸಂಕುಚಿತ, ಮಳೆ ಬಂದರೆ ಗಾಜಿನ ಮೇಲೆ ಹನಿ, ಬಿಸಿಲು ಬಂದರೆ ಹೊಳಪು. ಅಗ್ಗವೆಂಬುದಕ್ಕೆ ಒಂದು ಕೆಳಮಿತಿ ಉಂಟೆಂಬುದನ್ನು ಆ ಮಸೂರದ ಜೋಡಿಯು ತೋರಿಸಿಕೊಟ್ಟಿತು.

ಕೊಳವೆಯುಳ್ಳ ನಿಜವಾದ ಸ್ಕೋಪುಗಳು ಬಂದ ಮೇಲೂ ಪರಿಸ್ಥಿತಿ ತಕ್ಷಣಕ್ಕೆ ಸುಧಾರಿಸಲಿಲ್ಲ. ಗುಂಡಿನ ಪಟ್ಟಿಯನ್ನು ಮೇಲಿನಿಂದ ತುಂಬಲು ದಾರಿಯಿರಲೆಂದು ಅವುಗಳನ್ನು ರೈಫಲಿನ ಎಡಪಕ್ಕಕ್ಕೆ ಸರಿಸಿ ಕೂರಿಸಿದ್ದರು. ಇದರಿಂದ ಗುರಿಯಿಡುವವನ ಕೆನ್ನೆಗೆ ಆಸರೆ ತಪ್ಪಿತು. ಉತ್ತರ ಅಮೆರಿಕದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಬೇಟೆಯಾಡಿದ್ದ, ಹ್ಯಾಂಪ್‌ಷೈರ್ ತಂಡದ ಕ್ರಿಕೆಟ್ ಬೌಲರೂ ಆಗಿದ್ದ ಹೆಸ್ಕೆತ್ ಪ್ರಿಚರ್ಡನು ಫ್ರಾನ್ಸಿನ ರಣರಂಗದಲ್ಲಿ ಈ ಆಯುಧಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಗುರಿ ತಪ್ಪಿದ ಸ್ಥಿತಿಯಲ್ಲಿದ್ದುವು. ದೋಷವಿದ್ದದ್ದು ಗಾಜಿನಲ್ಲಲ್ಲ, ಗಾಜನ್ನು ಹಿಡಿದ ಬಂಧದ ಸಡಿಲದಲ್ಲಿ ಮತ್ತು ಅದನ್ನು ಹೊಂದಿಸಲರಿಯದ ಕೈಗಳಲ್ಲಿ. 1916ರಲ್ಲಿ ಅವನು ಲಿಂಘೆಮ್ ಗ್ರಾಮದಲ್ಲಿ ಸ್ಥಾಪಿಸಿದ ಗುರಿಕಾರರ ಶಾಲೆಯಲ್ಲಿ ಈ ಹೊಂದಿಕೆಯ ಪಾಠಕ್ಕೆ ಹಿರಿದಾದ ಸ್ಥಾನ ದೊರೆಯಿತು.

ಇಲ್ಲಿ ವಿಲ್ಸ್‌ಡನ್ನಿನ ಡಾಲ್‌ಮೇಯರರನ್ನು ನೆನೆಯಬೇಕು. ಛಾಯಾಗ್ರಹಣದ ಮಸೂರಗಳಿಂದ ಕೀರ್ತಿವಂತವಾದ ಈ ಮನೆತನದಲ್ಲಿ, 1890ರ ದಶಕದಲ್ಲಿ ಮಸೂರಗಳ ಗಣಿತವನ್ನು ಹಾಕುತ್ತಿದ್ದ ಎಚ್. ಎಲ್. ಆಲ್ಡಿಸ್ ಎಂಬಾತನು ಮುಂದೆ ಬರ್ಮಿಂಗ್‌ಹ್ಯಾಮಿಗೆ ಹೋಗಿ ಸೋದರನೊಡನೆ ಸ್ವಂತ ಕಾರ್ಖಾನೆಯನ್ನು ತೆರೆದನು. ಯುದ್ಧಕಾಲದ ರೈಫಲುಗಳಿಗೆ ಸ್ಕೋಪುಗಳನ್ನು ಒದಗಿಸಿದವರಲ್ಲಿ ಆಲ್ಡಿಸ್ ಸಹೋದರರೂ ಸೇರಿದ್ದರು. ಆದರೆ ಅವರ ಹೆಸರು ಉಳಿದದ್ದು ಯುದ್ಧವಿಮಾನದ ಗುರಿಕೊಳವೆಯಿಂದ. ಎಸ್.ಇ.5ಎ ಮೊದಲಾದ ವಿಮಾನಗಳ ಚಾಲಕನ ಎದುರಿಗೆ ಇರುತ್ತಿದ್ದ ಸುಮಾರು 32 ಅಂಗುಲ ಉದ್ದದ ಈ ಕೊಳವೆಯು ನೋಟವನ್ನು ಹಿಗ್ಗಿಸುತ್ತಲೇ ಇರಲಿಲ್ಲ. ಅದರ ವರ್ಧನೆ ಒಂದೇ ಪಟ್ಟು. ಎರಡು ಕಣ್ಣುಗಳನ್ನೂ ತೆರೆದಿಟ್ಟುಕೊಂಡೇ ವೇಗವಾಗಿ ಚಲಿಸುವ ಗುರಿಯನ್ನು ಹಿಡಿಯಲು ಅದಕ್ಕಿಂತ ಉತ್ತಮವಾದುದಿಲ್ಲವೆಂದು ಚಾಲಕರು ಕಂಡುಕೊಂಡರು. ಮೇಲಿನ ಚಳಿಯಲ್ಲಿ ಒಳಗೆ ಮಂಜು ಕಟ್ಟದಿರಲೆಂದು ಕೊಳವೆಯನ್ನು ಜಡಾನಿಲದಿಂದ ತುಂಬಿ ಬೆಸೆದಿದ್ದರು. ಕ್ವೀನ್ಸ್‌ಬರಿಯಿಂದ ಕೂಗಳತೆಯೆನ್ನಬಹುದಾದ ಹೈಡಿನಲ್ಲಿ ಏರ್‌ಕೋ ಸಂಸ್ಥೆಯು ಜೆಫ್ರಿ ಡಿ ಹ್ಯಾವಿಲೆಂಡನ ರಚನೆಯ ವಿಮಾನಗಳನ್ನು ಸಾಲುಸಾಲಾಗಿ ಹೊರಕಳಿಸುತ್ತಿದ್ದ ದಿನಗಳಲ್ಲಿ ವಾಯುಯುದ್ಧವು ಕಲಿಸಿದ ಈ ಎರಡು ಪಾಠಗಳನ್ನು, ಅಂದರೆ ಕಡಮೆ ವರ್ಧನೆಯ ಉಪಯೋಗವನ್ನೂ ಅನಿಲ ತುಂಬಿದ ಕೊಳವೆಯ ಉಪಯೋಗವನ್ನೂ, ಬೇಟೆಗಾರರ ಲೋಕವು ಅರಗಿಸಿಕೊಳ್ಳಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ನೈಟ್ರೊಜನ್ ತುಂಬಿದ ಬೇಟೆಯ ಸ್ಕೋಪನ್ನು ಅಮೆರಿಕದ ಲ್ಯೂಪೋಲ್ಡ್ ಸಂಸ್ಥೆಯು ಮಾರಾಟಕ್ಕಿಟ್ಟದ್ದು 1947ರಲ್ಲಿ.

ಎರಡು ಯುದ್ಧಗಳ ನಡುವೆ ಜರ್ಮನಿಯ ತ್ಸೈಸ್ ಸಂಸ್ಥೆಯವರು ವರ್ಧನೆ ಬದಲಾಗುವ ಬೇಟೆಯ ಸ್ಕೋಪನ್ನು ಮಾರುಕಟ್ಟೆಗೆ ತಂದರು. ಅದು ಜಮೀನುದಾರರ ವಸ್ತು. ಸಾಮಾನ್ಯನ ವಸ್ತು ಬಂದದ್ದು ಅಟ್ಲಾಂಟಿಕದ ಆಚೆಯಿಂದ. 1930ರಲ್ಲಿ, ಆರ್ಥಿಕ ಮುಗ್ಗಟ್ಟು ಉಲ್ಬಣಿಸುತ್ತಿದ್ದ ಕಾಲದಲ್ಲಿ, ಬಿಲ್ ವೀವರ್ ಎಂಬ ತರುಣನು 3-30 ಎಂಬ ಮೂರು ಪಟ್ಟಿನ ಸ್ಕೋಪನ್ನು, ಅದನ್ನು ಹಿಡಿಯುವ ಬಂಧವನ್ನೂ ಕೂಡಿಸಿ, 19 ಡಾಲರಿಗೆ ಮಾರತೊಡಗಿದನು. ಅದರ ಕೊಳವೆ ಮುಕ್ಕಾಲಂಗುಲ, ಬೆಳಕು ಸಾಧಾರಣ. ಆದರೂ ದುಡಿದು ತಿನ್ನುವ ರೈತನು ಕೋವಿಯ ದುರ್ಬೀನನ್ನು ತನ್ನದೆಂದು ಭಾವಿಸಿದ್ದು ಅಂದಿನಿಂದ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ತ್ಸೈಸಿನ ಸೂಕ್ಷ್ಮ ಯಂತ್ರಕ್ಕಿಂತ ವೀವರನ ಈ ಒರಟು ಕೊಳವೆಯೇ ದೊಡ್ಡ ಘಟನೆ.

ಎರಡನೆಯ ಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಆರಿಸಿಕೊಂಡದ್ದು ಬ್ರೆನ್ ಯಂತ್ರಕೋವಿಗೆಂದು ಉದ್ದೇಶಿಸಿದ್ದ 32ನೆಯ ನಂಬರಿನ ದುರ್ಬೀನನ್ನು. ವಾಟ್ಸನ್ ಮೊದಲಾದ ಹಲವು ಕಾರ್ಖಾನೆಗಳು ತಯಾರಿಸಿದ ಇದನ್ನು ಹಾಲೆಂಡ್ ಅಂಡ್ ಹಾಲೆಂಡಿನ ಕೆಲಸಗಾರರು ಆಯ್ದ 4ನೆಯ ನಂಬರಿನ ರೈಫಲುಗಳ ಮೇಲೆ, ಅರಗಳಿಂದ ಉಜ್ಜಿ ಕೂಡಿಸಿ, 20,000ಕ್ಕೂ ಮೀರಿದ ಸಂಖ್ಯೆಯಲ್ಲಿ ಸಿದ್ಧಪಡಿಸಿದರು. ಮಹಾರಾಜರಿಗೆ ಹುಲಿಬೇಟೆಯ ಕೋವಿಗಳನ್ನು ಕೆತ್ತನೆ ಮಾಡಿ ಕೊಡುತ್ತಿದ್ದ ಸಂಸ್ಥೆಯದೇ ಈ ಕೈಗಳು. ದುರ್ಬೀನಿನ ವರ್ಧನೆ ಸುಮಾರು ಮೂರೇ ಪಟ್ಟು, ಬದಲಾಗತಕ್ಕದ್ದಲ್ಲ. ಮೊದಲ ಮಾದರಿಯಲ್ಲಿ 50 ಗಜಕ್ಕೊಂದರಂತೆ 1000 ಗಜದವರೆಗಿನ ಅಂತರದ ಗುರುತುಗಳು. ಇದೇ ದುರ್ಬೀನನ್ನು ತಿದ್ದಿ 1970ರಲ್ಲಿ ಎಲ್42 ರೈಫಲಿನ ಮೇಲೆ ಮತ್ತೆ ಏರಿಸಿದರೆಂದ ಮೇಲೆ, ಮೂರು ಪಟ್ಟಿನಿಂದ ಎಷ್ಟು ಸಾಧ್ಯವೆಂಬ ವಿಚಾರದಲ್ಲಿ ವಾದಕ್ಕೆ ಎಡೆಯಿಲ್ಲ. ಭಾರತದ ಸೈನ್ಯವೂ ದುರ್ಬೀನು ಕೂಡಿಸಿದ ಆ 4ನೆಯ ನಂಬರಿನ ರೈಫಲನ್ನು ಬಹುಕಾಲ ಉಪಯೋಗಿಸಿತು. ಕಲ್ಕತ್ತೆಯಲ್ಲಿ 1830ರಲ್ಲಿ ಸರ್ವೆ ಇಲಾಖೆಗಾಗಿ ಆರಂಭವಾದ ಗಣಿತೋಪಕರಣ ಶಾಲೆಯಲ್ಲಿ, ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನನಂಥ ಕುಶಲಿಗಳಿಂದ ಬೇರೂರಿದ ದೃಗುಪಕರಣದ ವಿದ್ಯೆಯು, 1943ರಲ್ಲಿ ಡೆಹರಾಡೂನಿನ ಸೈನಿಕ ಕಾರ್ಖಾನೆಯಾಗಿ ಕವಲೊಡೆಯಿತು.

ಯುದ್ಧ ಮುಗಿದ ಬಳಿಕ ವರ್ಧನೆ ಬದಲಾಗುವ ಸ್ಕೋಪುಗಳು ಅಮೆರಿಕದಲ್ಲಿ ಒಂದರ ಹಿಂದೊಂದು ಬಂದವು. ಜೊತೆಗೆ ಹಳೆಯದೊಂದು ತೊಡಕೂ ಬಂದಿತು. ಕೊಳವೆಯೊಳಗೆ ಬಿಂಬವು ಮೂಡುವ ಸ್ಥಳಗಳು ಎರಡು, ಒಂದು ನೆಟ್ಟಗೆ ಮಾಡುವ ಮಸೂರಗಳ ಮುಂದೆ, ಇನ್ನೊಂದು ಹಿಂದೆ. ಗುರಿಯ ಅಡ್ಡಗೆರೆಗಳನ್ನು ಮುಂದಿನ ಸ್ಥಳದಲ್ಲಿರಿಸಿದರೆ ವರ್ಧನೆ ಏರಿದಂತೆ ಗೆರೆಗಳೂ ದಪ್ಪವಾಗಿ ದೂರದ ಗುರಿಯನ್ನು ಮುಚ್ಚುವುವು. ಹಿಂದಿನ ಸ್ಥಳದಲ್ಲಿರಿಸಿದರೆ ಗೆರೆಗಳು ತೆಳ್ಳಗೇ ಉಳಿಯುವುವು, ಆದರೆ ಮಸೂರವು ಜಾರುವಾಗ ಕೂದಲೆಳೆಯಷ್ಟು ವಾಲಿದರೂ ಗುಂಡು ಬೀಳುವ ಜಾಗವೇ ಬದಲಾಗುವುದು. ಸೂಕ್ಷ್ಮವಾದ ಯಂತ್ರಗಾರಿಕೆಯು ಅಗ್ಗವಾಗುವವರೆಗೆ, ಆದಕಾರಣ, ಅಗ್ಗದ ಬದಲಾಗುವ ಸ್ಕೋಪನ್ನು ಬಲ್ಲವರು ಮುಟ್ಟುತ್ತಿರಲಿಲ್ಲ. 1960ರ ದಶಕದ ವೇಳೆಗೆ ರೆಡ್‌ಫೀಲ್ಡ್, ಲ್ಯೂಪೋಲ್ಡ್ ಮೊದಲಾದವರು ಈ ತೊಡಕನ್ನು ಪಳಗಿಸಿದರು. ಟಾಸ್ಕೊದಂಥ ಸಂಸ್ಥೆಗಳು ಜಪಾನಿನ ಸಣ್ಣ ಕಾರ್ಖಾನೆಗಳಿಂದ ಅಂಥವನ್ನೇ ಮಾಡಿಸಿ ತಂದು ಅರ್ಧಕ್ಕಿಂತ ಕಡಮೆ ಬೆಲೆಗೆ ಮಾರಿದುವು. ಆ ಕೆಲಸದ ಬಹುಭಾಗವು ಮುಂದೆ ಚೀನಕ್ಕೆ ಸಾಗಿತು.

ಹೀಗಾಗಿ ಇಂದು ಕೊಳ್ಳುವವನ ಮುಂದೆ ರಾಶಿಯೇ ಬಿದ್ದಿದೆ. ರಾಶಿಯ ಮೇಲೆಲ್ಲ ದೊಡ್ಡ ದೊಡ್ಡ ಅಂಕಿಗಳು. ಅಗ್ಗದ ಸ್ಕೋಪಿನಲ್ಲಿ ಅತಿ ಕೆಟ್ಟ ಸಲಹೆಗಾರನೆಂದರೆ ಈ ವರ್ಧನೆಯ ಅಂಕಿಯೇ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲವು ದೊರೆಯುತ್ತದೆ: 40 ಮಿಲಿಮೀಟರಿನ ಮುಂಗಾಜು 4 ಪಟ್ಟಿನಲ್ಲಿ 10 ಮಿಲಿಮೀಟರನ್ನೂ 9 ಪಟ್ಟಿನಲ್ಲಿ ನಾಲ್ಕೂವರೆಗೆ ಸ್ವಲ್ಪ ಕಡಮೆಯನ್ನೂ ಕೊಡುವುದು. ಮುಸ್ಸಂಜೆಯಲ್ಲಿ ತರುಣನ ಕಣ್ಣಿನ ಪಾಪೆಯು ಸುಮಾರು 7 ಮಿಲಿಮೀಟರಿನಷ್ಟು ಅರಳುವುದರಿಂದ, ಅದೇ ಸ್ಕೋಪನ್ನು 16 ಪಟ್ಟಿಗೆ ಎಳೆದರೆ ಕತ್ತಲೆಯನ್ನೇ ಹಿಗ್ಗಿಸಿ ನೋಡಿದಂತಾಗುವುದು. 2ರಿಂದ 7, ಅಥವಾ 3ರಿಂದ 9, ಇದಕ್ಕಿಂತ ಮೇಲಿನದು ಕಡಮೆ ಬೆಲೆಯಲ್ಲಿ ದೊರೆತರೆ, ಆ ಬೆಲೆಯನ್ನು ಗಾಜಿನ ಲೇಪನದಿಂದಲೋ ಒಳಗಣ ಯಂತ್ರದಿಂದಲೋ ಕಳೆದಿರುವರೆಂದು ಸಂದೇಹಪಡಬೇಕು.

ಕ್ವೀನ್ಸ್‌ಬರಿಯಂಥ ಊರುಗಳಲ್ಲಿ ಸಾಮಾನ್ಯನಿಗೆ ಸುಲಭವಾಗಿ ಲಭ್ಯವಿರುವುದು, ಪರವಾನಗಿಯಿಲ್ಲದೆ ವಯಸ್ಕರು ಇಟ್ಟುಕೊಳ್ಳಬಹುದಾದ 12 ಅಡಿ-ಪೌಂಡು ಶಕ್ತಿಯೊಳಗಿನ ಗಾಳಿಕೋವಿ. ಸ್ಕೋಪಿಗಂತೂ ಯಾವ ಪರವಾನಗಿಯೂ ಬೇಕಿಲ್ಲ. ಸ್ಪ್ರಿಂಗಿನ ಗಾಳಿಕೋವಿಯು ಮದ್ದಿನ ಕೋವಿಗಿಂತ ಸೌಮ್ಯವೆಂದು ಭಾವಿಸಿ ಕೈಗೆ ಸಿಕ್ಕಿದ ಸ್ಕೋಪನ್ನು ಏರಿಸುವುದುಂಟು. ಅದರ ಕೊಂತವು ಮೊದಲು ಹಿಂದಕ್ಕೂ ಒಡನೆಯೇ ಮುಂದಕ್ಕೂ ಒದೆಯುವುದರಿಂದ, ಹಿಂದೊದೆತವನ್ನು ಮಾತ್ರ ಲೆಕ್ಕಿಸಿ ಕಟ್ಟಿದ ಸ್ಕೋಪಿನ ಮಸೂರಗಳು ಕೆಲವೇ ದಿನಗಳಲ್ಲಿ ಸಡಿಲಗೊಳ್ಳುವುವು. ಮದ್ದಿನ ರೈಫಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರಾದ್ದರಿಂದ, 20 ಗಜದ ಗುರಿಯ ಮೇಲೆ ಕಣ್ಣು ಸ್ವಲ್ಪ ಸರಿದರೂ ಅಡ್ಡಗೆರೆಯು ತೇಲಾಡುವುದು. ಗಾಳಿಕೋವಿಗೆಂದೇ ಮಾಡಿದ, ಹತ್ತಿರದ ಅಂತರಕ್ಕೆ ಹೊಂದಿಸಬಲ್ಲ ಸ್ಕೋಪನ್ನೇ ಕೇಳಿ ಕೊಳ್ಳತಕ್ಕದ್ದು. ಕೈಯಲ್ಲಿರುವ ಹಣದ ನಾಲ್ಕನೆಯ ಒಂದು ಭಾಗವನ್ನಾದರೂ ಅದನ್ನು ಹಿಡಿಯುವ ಬಳೆಗಳಿಗೆ ಮೀಸಲಿಟ್ಟು, ಜಾರದಂತೆ ತಡೆಯುವ ಮೊಳೆಯುಳ್ಳವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪ್ರಿಚರ್ಡನು ಫ್ರಾನ್ಸಿನಲ್ಲಿ ಕಂಡ ಸಡಿಲ ಬಂಧಗಳು ಇಂದಿಗೂ ಅಂಗಡಿಗಳಲ್ಲಿ ಸ್ಕೋಪಿನೊಡನೆ ಉಚಿತವಾಗಿಯೇ ದೊರೆಯುತ್ತವೆ.